ಗಾಜಿನ ಪೆಟ್ಟಿಗೆಯಲ್ಲಿ ಚಾಟಿ ಜೇಡ

ಚಾಟಿ ಜೇಡ ಹೆಸರಿಗಷ್ಟೇ ಜೇಡ. ಜೇಡ, ಚೇಳು, ಉಣ್ಣೆಗಳನ್ನು ಒಳಗೊಂಡ ಎಂಟು ಕಾಲಿನ ಜೀವಿಗಳ ದೊಡ್ಡ ವರ್ಗದಲ್ಲಿ ಅದಕ್ಕೆ ಆಂಬ್ಲಿಪೈಜಿ ಎಂಬ ಬೇರೆಯದೇ ಗಣವಿದೆ. ಅದು ಬಲೆ ನೇಯುವುದಿಲ್ಲ. ನೂಲು ತೆಗೆಯುವ ಅಂಗವೇ ಅದಕ್ಕಿಲ್ಲ. ವಿಷದ ಗ್ರಂಥಿ ಇಲ್ಲ, ಕುಟುಕುವ ಕೊಂಡಿ ಇಲ್ಲ, ಬಾಲವೂ ಇಲ್ಲ. ಮನುಷ್ಯನಿಗೆ ಇಷ್ಟು ನಿರಪಾಯಕಾರಿಯಾದ ಪ್ರಾಣಿಯನ್ನು ಕಂಡು ಜನ ಇಷ್ಟೊಂದು ಬೆದರುವುದು ವಿಚಿತ್ರವೇ. 2005ರಲ್ಲಿ ತೆರೆಕಂಡ ಹ್ಯಾರಿ ಪಾಟರ್ ಸರಣಿಯ ನಾಲ್ಕನೆಯ ಚಿತ್ರದಲ್ಲಿ ಮಾಂತ್ರಿಕ ಶಾಪಗಳನ್ನು ತರಗತಿಯಲ್ಲಿ ಪ್ರಯೋಗಿಸಿ ತೋರಿಸಲು ಆರಿಸಿಕೊಂಡದ್ದು ಇದರ ರೂಪವನ್ನೇ. ನೋಡಿದರೆ ಮೈ ಜುಮ್ಮೆನ್ನುವ ಈ ರೂಪವೇ ಯುರೋಪ್ ಮತ್ತು ಅಮೆರಿಕದ ಹವ್ಯಾಸಿಗಳನ್ನು ಸೆಳೆದಿದೆ. ಟಾರಂಟುಲಾ, ಚೇಳುಗಳನ್ನು ಸಾಕುವವರ ಕಪಾಟಿನಲ್ಲಿ ಈಗ ಚಾಟಿ ಜೇಡಕ್ಕೂ ಒಂದು ಜಾಗವಿದೆ.

ದೇಹ ಚಪ್ಪಟೆ. ಕಲ್ಲಿನ ಬಿರುಕಿಗೆ, ಸಡಿಲಗೊಂಡ ತೊಗಟೆಯ ಅಡಿಗೆ ಜಾರಿಕೊಳ್ಳಲು ಒಗ್ಗಿದ ಮೈ ಅದು. ಎಂಟು ಕಾಲುಗಳಲ್ಲಿ ನಡೆಯಲು ಬಳಕೆಯಾಗುವುದು ಆರು ಮಾತ್ರ. ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತದೆ. ಮೊದಲ ಜೋಡಿ ಕಾಲುಗಳು ನೂಲಿನಷ್ಟು ಸಪೂರವಾಗಿ, ದೇಹದ ಹಲವು ಪಟ್ಟು ಉದ್ದಕ್ಕೆ ಬೆಳೆದಿರುತ್ತವೆ. ಚಾಟಿಗಳೆಂದರೆ ಇವೇ. ಇವುಗಳಿಂದ ಅದು ಹೊಡೆಯುವುದಿಲ್ಲ. ಕಣ್ಣಿಲ್ಲದವರು ಊರುಗೋಲಿನಿಂದ ದಾರಿ ತಡವುವಂತೆ ಸುತ್ತಲಿನ ಜಗತ್ತನ್ನು ತಡವಿ ಅರಿಯುತ್ತದೆ. ಎಂಟು ಕಣ್ಣುಗಳಿದ್ದರೂ ಅವುಗಳ ದೃಷ್ಟಿ ಅಷ್ಟಕ್ಕಷ್ಟೇ. ಸ್ಪರ್ಶ, ವಾಸನೆಗಳು ಹೆಚ್ಚಾಗಿ ಈ ಎರಡು ಎಳೆಗಳ ಮೂಲಕವೇ ಒಳಹೋಗಬೇಕು. ಬಾಯಿಯ ಎರಡೂ ಬದಿಗೆ ಮಡಿಚಿಟ್ಟ ಮುಳ್ಳುತೋಳುಗಳಿವೆ. ಬೇಟೆ ಎಟುಕುವಷ್ಟು ಹತ್ತಿರ ಬಂದೊಡನೆ ಅವು ಚಿಮ್ಮಿ ತೆರೆದುಕೊಂಡು, ಅದನ್ನು ಮುಳ್ಳುಗಳ ನಡುವೆ ಸಿಕ್ಕಿಸಿ ಬಾಯಿಗೆ ಎಳೆದುಕೊಳ್ಳುತ್ತವೆ.

ಕುಲ ಬಹಳ ಹಳೆಯದು. ಸುಮಾರು 31 ಕೋಟಿ ವರ್ಷ ಹಿಂದಿನ, ಕಲ್ಲಿದ್ದಲು ರೂಪುಗೊಂಡ ಕಾಲದ ಪದರಗಳಲ್ಲಿ ಸಿಕ್ಕ ಪಳೆಯುಳಿಕೆಗಳು ಇಂದಿನವುಗಳಿಗೆ ತೀರ ಹತ್ತಿರದ ಹೋಲಿಕೆಯಲ್ಲಿವೆ. ಈವರೆಗೆ ವಿಜ್ಞಾನಿಗಳು ವಿವರಿಸಿರುವ ಪ್ರಭೇದಗಳು 250ಕ್ಕೂ ಹೆಚ್ಚು. ಬಹುಪಾಲು ಉಷ್ಣವಲಯದವು. ಕಾಲುಗಳ ಹರವು ಕೆಲವು ಸೆಂಟಿಮೀಟರ್‌ನಿಂದ ಹಿಡಿದು, ಅತಿ ದೊಡ್ಡ ಪ್ರಭೇದಗಳಲ್ಲಿ 70 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಆ ಅಳತೆ ಕೇಳಿ ಹೌಹಾರಬೇಕಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಚಾಟಿಗಳದ್ದು. ನಡುವಿನ ದೇಹ ಹೆಬ್ಬೆರಳಿನ ಉದ್ದವನ್ನೂ ದಾಟುವುದಿಲ್ಲ.

ಈ ಜೀವಿಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಭಾಗ, ಅವನ್ನು ಗಾಜಿನ ಪೆಟ್ಟಿಗೆಗಳಲ್ಲಿ ವರ್ಷಾನುಗಟ್ಟಲೆ ಸಾಕಿದ್ದರಿಂದಲೇ ತಿಳಿದದ್ದು. ಜರ್ಮನಿಯ ಫ್ರೈಬರ್ಗ್‌ನ ಪ್ರಾಣಿಶಾಸ್ತ್ರಜ್ಞ ಪೀಟರ್ ವೈಗೋಲ್ಟ್ ಹಲವಾರು ಪ್ರಭೇದಗಳನ್ನು ಪ್ರಯೋಗಾಲಯದಲ್ಲಿ ಇಟ್ಟುಕೊಂಡು, ಅವುಗಳ ಕೂಟ, ಜಗಳ, ಸಂತಾನಗಳನ್ನು ದಶಕಗಳ ಕಾಲ ಗಮನಿಸಿ ಬರೆದರು. 2000ದಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಈ ವಿಷಯದ ಆಧಾರ ಕೃತಿ. ಹವ್ಯಾಸಿಗಳು ಅನುಸರಿಸುವ ಕ್ರಮಗಳಿಗೂ ಪ್ರಯೋಗಾಲಯದ ಸಾಕಣೆಗೂ ಹೆಚ್ಚು ಅಂತರವಿಲ್ಲ.

ಸಾಕುವವರಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಡೇಮನ್ ಡಯಾಡೆಮಾ. ಕೀನ್ಯಾ, ತಾಂಜಾನಿಯಾ ಕಡೆಯ ಗುಹೆಗಳು, ಬಂಡೆಯ ಬಿರುಕುಗಳು ಮತ್ತು ಮರದ ಪೊಟರೆಗಳಲ್ಲಿ ವಾಸಿಸುವ ಈ ಪ್ರಭೇದದ ದೇಹ ಮೂರು ಸೆಂಟಿಮೀಟರ್ ಆಸುಪಾಸು, ಕಾಲಿನ ಹರವು ಸುಮಾರು ಒಂದು ಗೇಣು. ಕಂದು ಮೈಮೇಲೆ ತಿಳಿ ಹಳದಿಯ ಗೆರೆ, ಚುಕ್ಕೆಗಳು. ಗಟ್ಟಿ ಜೀವ, ತನ್ನವರೊಡನೆ ಜಗಳ ಕಡಿಮೆ. ಹೊಸಬರಿಗೆ ಇದನ್ನೇ ಸೂಚಿಸುವುದು ಅದಕ್ಕಾಗಿ. ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳು ಮತ್ತು ಕೆರಿಬಿಯನ್ನಿನ ಸುಣ್ಣಕಲ್ಲುಗಳ ಅಡಿಯಲ್ಲಿರುವ ಫ್ರೈನಸ್ ಮಾರ್ಜಿನೆಮ್ಯಾಕ್ಯುಲೇಟಸ್ ತೀರ ಚಿಕ್ಕದು, ಪ್ರಯೋಗಾಲಯಗಳಿಗೆ ಅಚ್ಚುಮೆಚ್ಚಿನದು. ನೀರು ನುಗ್ಗುವ ತಾವಿನಲ್ಲಿ ಬದುಕುವ ಇದು ಮೈಗಂಟಿದ ಗಾಳಿಯ ತೆಳು ಪದರದ ನೆರವಿನಿಂದ ಒಂದು ದಿನಕ್ಕೂ ಹೆಚ್ಚು ಹೊತ್ತು ನೀರಿನಡಿಯಲ್ಲಿ ಉಸಿರಾಡಿಕೊಂಡಿರಬಲ್ಲದು ಎಂಬುದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಗೊತ್ತಾಯಿತು. ತಾಂಜಾನಿಯಾದ ಯೂಫ್ರಿನಿಕಸ್, ದಕ್ಷಿಣ ಅಮೆರಿಕದ ಹೆಟೆರೊಫ್ರೈನಸ್ ಕುಲಗಳ ದೊಡ್ಡ ಗಾತ್ರದವು ಪಳಗಿದ ಕೈಗಳಿಗೆ ಹೋಗುತ್ತವೆ.

ಸಾಕಣೆಯ ಪೆಟ್ಟಿಗೆಯ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಚಾಟಿ ಜೇಡ ನೆಲದ ಮೇಲೆ ಓಡಾಡುವ ಪ್ರಾಣಿಯಲ್ಲ. ಗೋಡೆಗೆ, ಚಾವಣಿಗೆ ಅಂಟಿಕೊಂಡು ಬದುಕುವಂಥದ್ದು. ಬೆಳೆದ ಡೇಮನ್‌ಗೆ ಅಗಲ, ಆಳ ಎರಡೂ 30 ಸೆಂಟಿಮೀಟರ್, ಎತ್ತರ 45 ಸೆಂಟಿಮೀಟರ್‌ನಷ್ಟಿರುವ ಗಾಜಿನ ಪೆಟ್ಟಿಗೆ ಸಾಕಾಗುತ್ತದೆ. ಒಳಗೆ ಹಿಂಗೋಡೆಗೆ ಒರಗಿಸಿ, ಮುಂದಕ್ಕೆ ಬಾಗಿದಂತೆ ನಿಲ್ಲಿಸಿದ ಕಾರ್ಕ್ ಮರದ ತೊಗಟೆಯ ದೊಡ್ಡ ಹಲಗೆ ಇರಬೇಕು. ಹಗಲಿಡೀ ಆ ಹಲಗೆಯ ಅಡಿಮೈಗೆ ಅಂಟಿಕೊಂಡಿರುತ್ತದೆ. ಮೇಲ್ಮೈ ಒರಟಾಗಿರಬೇಕು, ಹಲಗೆ ಅಲುಗಬಾರದು. ಜಾರಿ ಬಿದ್ದ ಹಲಗೆಯಡಿ ಸಿಕ್ಕಿ ಸಾಯುವುದು ಈ ಪ್ರಾಣಿಗಳಲ್ಲಿ ಅಪರೂಪವಲ್ಲ.

ತಳಕ್ಕೆ ಐದಾರು ಸೆಂಟಿಮೀಟರ್ ದಪ್ಪಕ್ಕೆ ತೆಂಗಿನ ನಾರಿನ ಪುಡಿ ಹಾಸುತ್ತಾರೆ. ನಮ್ಮಲ್ಲಿ ನರ್ಸರಿಯವರು ಕೋಕೋಪೀಟ್ ಎಂದು ಮಾರುವುದು ಇದನ್ನೇ. ಯುರೋಪಿನ ಅಂಗಡಿಗಳಿಗೆ ಅದು ಹೋಗುವುದು ಹೆಚ್ಚಾಗಿ ಭಾರತ, ಶ್ರೀಲಂಕಾಗಳಿಂದ. ನೀರು ಹಿಡಿದಿಟ್ಟುಕೊಂಡು ನಿಧಾನವಾಗಿ ಆವಿ ಬಿಡುವುದು ಅದರ ಗುಣ. ಚಾಟಿ ಜೇಡದ ಚರ್ಮ ಮೈಯ ನೀರನ್ನು ಚೆನ್ನಾಗಿ ತಡೆದಿಡದ ಕಾರಣ ಒಣ ಹವೆಯಲ್ಲಿ ಅದು ಬೇಗ ಬಾಡುತ್ತದೆ. ಪೆಟ್ಟಿಗೆಯೊಳಗಿನ ಆರ್ದ್ರತೆ ಶೇಕಡ 75ರಿಂದ 85ರಷ್ಟಿದ್ದರೆ ಒಳ್ಳೆಯದು. ಸಂಜೆ ಹೊತ್ತು ಗೋಡೆಗಳಿಗೆ ನೀರು ಸಿಂಪಡಿಸಿದರೆ ಹನಿಗಳನ್ನೇ ಹೀರಿಕೊಳ್ಳುತ್ತದೆ. ಜೊತೆಗೆ ಆಳವಿಲ್ಲದ ಒಂದು ತಟ್ಟೆಯಲ್ಲಿ ನೀರಿಟ್ಟರಾಯಿತು. ಹಾಗೆಂದು ಗಾಳಿಯಾಡದಂತೆ ಮುಚ್ಚಿಡುವುದು ತಪ್ಪು. ತೇವ ಇದ್ದು ಗಾಳಿ ಇಲ್ಲದಿದ್ದರೆ ಬೂಷ್ಟು ಬರುತ್ತದೆ, ನುಸಿ ಹೆಚ್ಚುತ್ತದೆ. ಪೆಟ್ಟಿಗೆಯ ಒಂದು ಪಕ್ಕ ಮತ್ತು ಮೇಲ್ಭಾಗದಲ್ಲಿ ಜಾಲರಿ ಇದ್ದರೆ ಒಳಗಿನ ಗಾಳಿ ತಾನಾಗಿ ಬದಲಾಗುತ್ತದೆ. ಶುಚಿಯ ಕೆಲಸಕ್ಕೆ ಅನೇಕರು ಸ್ಪ್ರಿಂಗ್‌ಟೇಲ್ ಎಂಬ ಸಾಸಿವೆಗಿಂತ ಸಣ್ಣ ಹುಳಗಳನ್ನೂ ಐಸೊಪಾಡ್ ಎಂಬ ಮಣ್ಣಿನ ಪುಟ್ಟ ಜೀವಿಗಳನ್ನೂ ತಳದಲ್ಲಿ ಬಿಡುತ್ತಾರೆ. ಬೂಷ್ಟು, ಹಿಕ್ಕೆ, ತಿಂದುಳಿದ ಚೂರುಗಳನ್ನು ಅವು ತಿಂದು ಮುಗಿಸುತ್ತವೆ.

ಶಾಖ 22ರಿಂದ 28 ಡಿಗ್ರಿ ಸೆಲ್ಸಿಯಸ್. ಚಳಿದೇಶಗಳಲ್ಲಿ ಇದಕ್ಕಾಗಿ ಹೀಟರ್ ಬೇಕಾಗುತ್ತದೆ. ದೀಪದ ಅಗತ್ಯವಂತೂ ಇಲ್ಲ, ಬೆಳಕು ಬಿದ್ದರೆ ಅದು ಅಡಗುತ್ತದೆ. ರಾತ್ರಿ ಅದರ ಓಡಾಟ ನೋಡಬೇಕೆಂದರೆ ಮಂದವಾದ ಕೆಂಪು ಬೆಳಕು ಬಳಸುತ್ತಾರೆ. ಮನೆಯೊಳಗಿನ ಗಾಳಿಯ ಬಗ್ಗೆ ಎಚ್ಚರ ಹೆಚ್ಚು ಬೇಕು. ಸೊಳ್ಳೆ ಬತ್ತಿ, ಗೋಡೆಯ ಪ್ಲಗ್ಗಿಗೆ ಚುಚ್ಚುವ ಸೊಳ್ಳೆ ದ್ರವ, ಜಿರಳೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿರುವ ರಾಸಾಯನಿಕಗಳು ಸಂಧಿಪದಿಗಳನ್ನು ಕೊಲ್ಲಲೆಂದೇ ತಯಾರಾದವು. ಅವಕ್ಕೆ ಸೊಳ್ಳೆ ಯಾವುದು, ಸಾಕಿದ್ದು ಯಾವುದು ಎಂಬ ಭೇದವಿಲ್ಲ.

ಆಹಾರ ಸುಲಭ. ಕಾಡಿನಲ್ಲಿ ಜಿರಳೆ, ಮಿಡತೆ, ಪತಂಗಗಳನ್ನು ಹಿಡಿಯುವ ಈ ಪ್ರಾಣಿ ಪೆಟ್ಟಿಗೆಯಲ್ಲಿ ಸಾಕಿ ಬೆಳೆಸಿದ ಚಿಮ್ಮಂಡೆ, ಜಿರಳೆಗಳನ್ನು ತಿನ್ನುತ್ತದೆ. ಟ್ರಿನಿಡಾಡ್‌ನ ನೆರೆಯ ಟೊಬೇಗೊ ದ್ವೀಪದಲ್ಲಿ ದೊಡ್ಡ ಚಾಟಿ ಜೇಡವೊಂದು ಹಳ್ಳದ ನೀರಿನಿಂದ ಸಿಗಡಿ ಹಿಡಿದು ತಿಂದದ್ದೂ ದಾಖಲಾಗಿದೆ. ಬೆಳೆದವುಗಳಿಗೆ ವಾರಕ್ಕೆ ಒಂದೆರಡು ಹುಳ ಸಾಕು. ಹೊಟ್ಟೆ ಉಬ್ಬಿದ್ದರೆ ವಾರಗಟ್ಟಲೆ ಏನೂ ಮುಟ್ಟದೆಯೂ ಇರಬಹುದು, ಅದರಿಂದ ಗಾಬರಿಯಾಗುವುದು ಬೇಡ. ಬೇಟೆ ಅದರ ದೇಹಕ್ಕಿಂತ ಚಿಕ್ಕದಿರಬೇಕು. ತಿನ್ನದೆ ಬಿಟ್ಟ ಹುಳವನ್ನು ಮರುದಿನವೇ ಹೊರತೆಗೆಯಬೇಕು. ಹಸಿದ ಚಿಮ್ಮಂಡೆಗೆ ಕಚ್ಚುವ ಹಲ್ಲಿದೆ, ಪೊರೆ ಬಿಡುತ್ತಿರುವ ಚಾಟಿ ಜೇಡದ ಮೈ ಅದಕ್ಕೆ ಮೆತ್ತನೆಯ ಊಟ.

ಪೊರೆ ಬಿಡುವ ಗಳಿಗೆಯೇ ಈ ಸಾಕಣೆಯಲ್ಲಿ ಅತ್ಯಂತ ಅಪಾಯದ್ದು. ಹೊರಕವಚ ಬೆಳೆಯುವುದಿಲ್ಲವಾದ್ದರಿಂದ ಆಗಾಗ ಅದನ್ನು ಕಳಚಿ ಹೊಸದರೊಳಗೆ ಬರಬೇಕು. ಚಾಟಿ ಜೇಡ ಇದನ್ನು ಮಾಡುವುದು ತಲೆಕೆಳಗಾಗಿ ನೇತಾಡುತ್ತ. ಒರಟು ಚಾವಣಿಗೋ ಬಾಗಿದ ಹಲಗೆಯ ಅಡಿಗೋ ಕಾಲುಗಳನ್ನು ಊರಿ ನಿಲ್ಲುತ್ತದೆ. ಬೆನ್ನಿನ ಕವಚ ಬಿರಿಯುತ್ತದೆ. ಆ ಬಿರುಕಿನಿಂದ ದೇಹ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗಿಳಿಯುತ್ತ, ಉದ್ದನೆಯ ಕಾಲುಗಳನ್ನೂ ನೂಲಿನಂಥ ಚಾಟಿಗಳನ್ನೂ ಹಳೆಯ ಕವಚದೊಳಗಿಂದ ಎಳೆದುಕೊಳ್ಳುತ್ತದೆ. ಗುರುತ್ವವೇ ಇಲ್ಲಿ ಸೂಲಗಿತ್ತಿ. ಕೆಳಗೆ ಕಾಲುಗಳು ಪೂರ್ತಿ ಚಾಚಿಕೊಳ್ಳುವಷ್ಟು ಖಾಲಿ ಜಾಗ ಇರದಿದ್ದರೆ ಕಾಲುಗಳು ಸೊಟ್ಟಗಾಗಿ ಗಟ್ಟಿಯಾಗುತ್ತವೆ, ಇಲ್ಲವೇ ಕವಚದಲ್ಲೇ ಸಿಕ್ಕಿಕೊಂಡು ಪ್ರಾಣಿ ಸಾಯುತ್ತದೆ. ಹವೆ ಒಣಗಿದ್ದರೂ ಅದೇ ಗತಿ. ಎತ್ತರದ ಪೆಟ್ಟಿಗೆ, ಬಾಗಿದ ಹಲಗೆ, ತೇವದ ಗಾಳಿ ಎಂದು ಮೇಲೆ ಹೇಳಿದ್ದೆಲ್ಲ ಕೊನೆಗೆ ಈ ಕೆಲವು ಗಂಟೆಗಳಿಗಾಗಿ ಮಾಡಿಟ್ಟ ಸಿದ್ಧತೆ.

ಹೊರಬಂದ ಪ್ರಾಣಿ ಬಿಳಿಚಿಕೊಂಡು, ಹಸಿರು ಛಾಯೆಯಲ್ಲಿ ಹೊಳೆಯುತ್ತಿರುತ್ತದೆ. ದಿನ ಕಳೆದಂತೆ ಕಂದು ಬಣ್ಣ ಮರಳುತ್ತದೆ. ಮುಳ್ಳುತೋಳು ಗಟ್ಟಿಯಾಗುವವರೆಗೆ ಸುಮಾರು ಒಂದು ವಾರ ಅದಕ್ಕೆ ಬೇಟೆ ಹಾಕಬಾರದು. ಬಹುಪಾಲು ಜೇಡಗಳು ಪ್ರಾಯಕ್ಕೆ ಬಂದ ಮೇಲೆ ಪೊರೆ ಬಿಡುವುದನ್ನು ನಿಲ್ಲಿಸಿದರೆ ಚಾಟಿ ಜೇಡಗಳು ಬದುಕಿನುದ್ದಕ್ಕೂ ಬಿಡುತ್ತಲೇ ಇರುತ್ತವೆ. ಇದರಿಂದ ಒಂದು ಲಾಭವೂ ಇದೆ. ಅಪಾಯ ಬಂದಾಗ ಕಾಲನ್ನು ಕಳಚಿಟ್ಟು ಓಡಿಹೋಗುವುದು ಇವುಗಳ ಉಪಾಯ. ಕಳೆದುಹೋದ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಚಿಗುರುತ್ತದೆ. ಚೆನ್ನಾಗಿ ನೋಡಿಕೊಂಡರೆ ದೊಡ್ಡ ಪ್ರಭೇದಗಳು ಐದರಿಂದ ಹತ್ತು ವರ್ಷ ಬದುಕುತ್ತವೆ.

ಕಾಲು ಮತ್ತೆ ಬರುತ್ತದೆಂದು ಅದನ್ನು ಕೈಗೆತ್ತಿಕೊಳ್ಳುವುದು ಸಲ್ಲದು. ವಿಷವಿಲ್ಲದ ಕಾರಣ ಮನುಷ್ಯನಿಗೆ ಆಗುವ ಹಾನಿ ಎಂದರೆ ಮುಳ್ಳು ಚುಚ್ಚಿದ ಗಾಯದಷ್ಟೇ. ಹಾನಿಯೆಲ್ಲ ಪ್ರಾಣಿಗೆ. ನಿಂತಲ್ಲೇ ಗಂಟೆಗಟ್ಟಲೆ ಕದಲದ ಇದು ಬೆದರಿದರೆ ಕಣ್ಣಿಗೆ ಸಿಗದಷ್ಟು ವೇಗವಾಗಿ ಓಡುತ್ತದೆ. ಹಿಡಿದವರ ತೋಳಿನಿಂದ ನೆಲಕ್ಕೆ ಬಿದ್ದರೆ ಅದರ ಉದರ ಒಡೆಯಬಹುದು. ಸ್ಥಳ ಬದಲಿಸಬೇಕಾದಾಗ ಅದರ ಮುಂದೆ ಡಬ್ಬಿ ಹಿಡಿದು, ಹಿಂದಿನಿಂದ ಮೆತ್ತನೆಯ ಕುಂಚದಿಂದ ಸೋಕಿಸಿ ತಾನಾಗಿ ಒಳಹೋಗುವಂತೆ ಮಾಡುತ್ತಾರೆ. ಮುದ್ದಿಸಲು, ಆಡಿಸಲು ಪ್ರಾಣಿ ಬೇಕೆನ್ನುವವರಿಗೆ ಇದು ಸರಿಯಾದ ಆಯ್ಕೆಯೇ ಅಲ್ಲ. ಅಕ್ವೇರಿಯಂ ಇಟ್ಟವರು ಮೀನನ್ನು ನೋಡುತ್ತಾರೆ, ಹಿಡಿಯುವುದಿಲ್ಲ. ಇಲ್ಲಿನ ಕ್ರಮವೂ ಅದೇ.

ನೋಡಲು ಸಿಗುವುದು ಮಾತ್ರ ಕಡಿಮೆಯೇನಲ್ಲ. ಇಂಥ ಪ್ರಾಣಿ ಒಂಟಿ ಬೇಟೆಗಾರ, ತನ್ನವರನ್ನೇ ತಿನ್ನುವುದು ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಿಂಡಾ ರೇಯರ್ ಮತ್ತು ಲೀಸಾ ಆನ್ ಟೇಲರ್ ಡೇಮನ್ ಡಯಾಡೆಮಾ ಹಾಗೂ ಫ್ಲಾರಿಡಾದ ಫ್ರೈನಸ್ ಕುಟುಂಬಗಳನ್ನು ಸಾಕಿ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ತಾಯಿ ಮರಿಗಳ ನಡುವೆ ಕುಳಿತು ತನ್ನ ಚಾಟಿಗಳಿಂದ ಅವನ್ನು ಸವರುತ್ತಿತ್ತು; ಮರಿಗಳೂ ತಾಯಿಯನ್ನು, ಒಂದನ್ನೊಂದು ಸವರುತ್ತ ಒಟ್ಟಿಗಿರುತ್ತಿದ್ದವು. ಚದುರಿಸಿಟ್ಟರೂ ಮತ್ತೆ ಬಂದು ಗುಂಪುಗೂಡುತ್ತಿದ್ದವು. ಪ್ರಾಯಕ್ಕೆ ಬರುವ ಹೊತ್ತಿಗೆ ಈ ಸಲಿಗೆ ಕಳಚುತ್ತದೆ, ಅದರಲ್ಲೂ ಗಂಡುಗಳ ನಡುವೆ. ಹೀಗಾಗಿ ಒಂದೇ ತಾಯಿಯ ಡೇಮನ್ ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆಳೆಸುವುದುಂಟು. ಎರಡು ಬೆಳೆದ ಗಂಡುಗಳನ್ನು ಕೂಡಿಡುವುದಿಲ್ಲ. ಉಳಿದ ಎಷ್ಟೋ ಪ್ರಭೇದಗಳು ಒಂಟಿಯಾಗಿರುವುದೇ ಕ್ಷೇಮ.

ಜಗಳಕ್ಕೂ ಒಂದು ಕ್ರಮವಿದೆ. ಎದುರಾಳಿಗಳು ಮುಖಾಮುಖಿ ನಿಂತು, ಒಂದು ಚಾಟಿಯನ್ನು ಇನ್ನೊಂದರ ಮೈಯತ್ತ ಚಾಚಿ ಮುಟ್ಟದೆ ಕಂಪಿಸುತ್ತವೆ. ಆ ಕಂಪನ ಎಬ್ಬಿಸುವ ಗಾಳಿಯ ಅಲೆಯನ್ನು ಎದುರಾಳಿಯ ಕಾಲಿನ ಮೇಲಿನ ಸೂಕ್ಷ್ಮ ರೋಮಗಳು ಗ್ರಹಿಸುತ್ತವೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಐಲೀನ್ ಹೆಬೆಟ್ಸ್ ಮತ್ತು ರೋಜರ್ ಸ್ಯಾಂಟರ್ ಫ್ರೈನಸ್‌ಗಳಲ್ಲಿ ಇದನ್ನು ಅಳೆದು ನೋಡಿದಾಗ, ಹೆಚ್ಚು ಹೊತ್ತು ಕಂಪಿಸಿದ್ದೇ ಸಾಮಾನ್ಯವಾಗಿ ಗೆದ್ದಿತ್ತು. ತೋಳಿಗೆ ತೋಳು ತಗಲುವ ಮೊದಲೇ ಎಷ್ಟೋ ಜಗಳ ಹೀಗೆ ಇತ್ಯರ್ಥವಾಗುತ್ತದೆ. ಕಾಡಿನಲ್ಲಿ ಇವುಗಳನ್ನು ಗೂಡಿನಿಂದ ಹತ್ತು ಮೀಟರ್ ದೂರ ಒಯ್ದು ಬಿಟ್ಟರೂ ಕತ್ತಲಲ್ಲಿ ದಾರಿ ಹುಡುಕಿ ಮರಳುತ್ತವೆ ಎಂಬುದನ್ನೂ ಹೆಬೆಟ್ಸ್ ಮತ್ತವರ ಸಂಗಡಿಗರು ತೋರಿಸಿದ್ದಾರೆ. ಚಾಟಿಯ ತುದಿಯಿಂದ ಹಿಡಿಯುವ ವಾಸನೆಗೆ ಇದರಲ್ಲಿ ದೊಡ್ಡ ಪಾತ್ರವಿದೆ.

ಸಂತಾನದ ವಿಷಯಕ್ಕೆ ಬಂದರೆ, ಗಂಡು ಯಾವುದು, ಹೆಣ್ಣು ಯಾವುದು ಎಂದು ಗುರುತಿಸುವುದೇ ಮೊದಲ ಕಷ್ಟ. ಉದರದ ಅಡಿಯ ಜನನಾಂಗದ ಮುಚ್ಚಳವನ್ನು ಹತ್ತಿರದಿಂದ ನೋಡಿಯೇ ಹೇಳಬೇಕು. ಕೂಟದಲ್ಲಿ ಗಂಡು ಬಹಳ ಹೊತ್ತು ಚಾಟಿಗಳಿಂದ ಹೆಣ್ಣನ್ನು ಸವರಿ, ಬಳಿಕ ನೆಲಕ್ಕೆ ಒಂದು ತೊಟ್ಟನ್ನು ನೆಟ್ಟು ಅದರ ತುದಿಯಲ್ಲಿ ವೀರ್ಯದ ಪೊಟ್ಟಣ ಇಡುತ್ತದೆ. ಹೆಣ್ಣನ್ನು ಅದರ ಮೇಲಕ್ಕೆ ಕರೆತರುವುದೂ ಅದರ ಕೆಲಸವೇ. ಹೆಣ್ಣು ಮೊಟ್ಟೆಗಳ ಚೀಲವನ್ನು ಉದರದ ಅಡಿಗೆ ಅಂಟಿಸಿಕೊಂಡು ಸುಮಾರು ಮೂರು ತಿಂಗಳು ಹೊತ್ತು ತಿರುಗುತ್ತದೆ. ಮೊಟ್ಟೆಯಿಂದ ಬಂದ ಬಿಳಿಯ ಮರಿಗಳು ತಾಯಿಯ ಬೆನ್ನೇರಿ ಮೊದಲ ಪೊರೆ ಬಿಡುವವರೆಗೆ ಅಲ್ಲೇ ಇರುತ್ತವೆ. ಅದಕ್ಕೆ ಮೊದಲೇ ಬಿದ್ದ ಮರಿ ಬದುಕುವುದಿಲ್ಲ. ಈ ಅವಧಿಯಲ್ಲಿ ಪೆಟ್ಟಿಗೆಯನ್ನು ಅಲುಗಾಡಿಸದಿರುವುದೇ ಸಾಕುವವರು ಮಾಡಬಹುದಾದ ದೊಡ್ಡ ಉಪಕಾರ. ಕೆಳಗಿಳಿದ ಮರಿಗಳಿಗೆ ಸ್ಪ್ರಿಂಗ್‌ಟೇಲ್, ಹಣ್ಣಿನ ನೊಣ, ಆಗಷ್ಟೇ ಹುಟ್ಟಿದ ಚಿಮ್ಮಂಡೆಗಳನ್ನು ಕೊಡುತ್ತಾರೆ.

ಒಂದು ಸೂಲಿಗೆ ಕೆಲವೇ ಡಜನ್ ಮರಿಗಳು, ಪ್ರಾಯಕ್ಕೆ ಬರಲು ವರ್ಷಕ್ಕೂ ಹೆಚ್ಚು ಕಾಲ. ಇಷ್ಟು ನಿಧಾನದ ಪ್ರಾಣಿಯನ್ನು ಕಾಡಿನಿಂದ ಹಿಡಿದು ಮಾರುವ ವ್ಯಾಪಾರ ಅದರ ನೆಲೆಗಳಿಗೆ ಒಳ್ಳೆಯದು ಮಾಡಲಾರದು. ತಾಂಜಾನಿಯಾದಂಥ ದೇಶಗಳಿಂದ ರವಾನೆಯಾದ ಪ್ರಾಣಿಗಳು ಕಾಲು ಕಳೆದುಕೊಂಡು, ನೀರು ಬತ್ತಿ, ಹೊಟ್ಟೆಯಲ್ಲಿ ಜಂತು ಇಟ್ಟುಕೊಂಡು ಬರುವುದುಂಟು, ವಯಸ್ಸೂ ತಿಳಿಯುವುದಿಲ್ಲ. ಸಾಕಣೆಯಲ್ಲೇ ಹುಟ್ಟಿದ ಮರಿಗೆ ಈ ತೊಡಕುಗಳಿಲ್ಲ. ಜರ್ಮನಿಯ ಹಾಮ್ ಪಟ್ಟಣದ ಪ್ರಸಿದ್ಧ ಸರೀಸೃಪ ಮೇಳದಂಥ ಕಡೆ ಮಾರಾಟಕ್ಕೆ ಬರುವ ಡೇಮನ್‌ಗಳಲ್ಲಿ ಹಾಗೆ ಹುಟ್ಟಿದವೂ ಇರುತ್ತವೆ. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು ಎಲ್ಲಿ ಹುಟ್ಟಿತು ಎಂಬುದು. ಬೆಲೆಯ ಮಾತು ಆಮೇಲಿನದು.

ಭಾರತಕ್ಕೂ ಚಾಟಿ ಜೇಡ ಹೊಸತಲ್ಲ. ಫ್ರಿನಿಕಸ್ ಕುಲದ ಪ್ರಭೇದಗಳು ಭಾರತ, ಶ್ರೀಲಂಕಾಗಳಲ್ಲಿವೆ. ಪಶ್ಚಿಮ ಘಟ್ಟದ ಸೀಮೆಯಲ್ಲಿ ಗುಹೆ, ಬಂಡೆಯ ಸಂದು, ಹಳೆಯ ಮರದ ಪೊಟರೆಗಳು ಅವುಗಳ ತಾವು. ರಾತ್ರಿ ಟಾರ್ಚ್ ಹಿಡಿದು ಹಾವು, ಕಪ್ಪೆಗಳನ್ನು ಹುಡುಕುವವರಿಗೆ ಅವು ಎದುರಾಗುತ್ತವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನಿಂದ ಯಾವ ವನ್ಯಜೀವಿಯನ್ನಾದರೂ ಅನುಮತಿಯಿಲ್ಲದೆ ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಹೊರದೇಶದಿಂದ ಜೀವಂತ ಪ್ರಾಣಿ ತರಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿಯೂ ಆರೋಗ್ಯದ ದಾಖಲೆಗಳೂ ಬೇಕು. ಇದೇ ವರ್ಗಕ್ಕೆ ಸೇರಿದ, ಪಶ್ಚಿಮ ಘಟ್ಟದಲ್ಲೂ ಇರುವ ಪೊಯ್ಸಿಲೊಥೀರಿಯಾ ಕುಲದ ಟಾರಂಟುಲಾಗಳ ಅಂತರರಾಷ್ಟ್ರೀಯ ವ್ಯಾಪಾರ 2019ರಿಂದ, ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. 2022ರ ತಿದ್ದುಪಡಿಯ ಮೂಲಕ ಆ ಒಪ್ಪಂದದ ಪಟ್ಟಿಗಳನ್ನು ಭಾರತದ ಕಾಯ್ದೆಯೊಳಗೇ ಸೇರಿಸಲಾಗಿದೆ.

ಕಾಗದಪತ್ರವಿಲ್ಲದೆ ಅಂಚೆಯಲ್ಲಿ ತರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಚಾಟಿ ಜೇಡದ್ದಲ್ಲ, ಟಾರಂಟುಲಾಗಳದ್ದು. 2021ರ ಜುಲೈನಲ್ಲಿ ಚೆನ್ನೈನ ಸುಂಕದ ಅಧಿಕಾರಿಗಳು ಪೋಲೆಂಡ್‌ನಿಂದ ಬಂದ ಪೊಟ್ಟಣವೊಂದನ್ನು ಬಿಚ್ಚಿದಾಗ, ಹತ್ತಿ ಮತ್ತು ಬೆಳ್ಳಿ ಹಾಳೆಯಲ್ಲಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳು ಸಿಕ್ಕವು. ಪರವಾನಗಿಯೂ ಆರೋಗ್ಯದ ದಾಖಲೆಯೂ ಇಲ್ಲದ್ದರಿಂದ ಅವನ್ನು ಬಂದ ದೇಶಕ್ಕೇ ಹಿಂದಿರುಗಿಸುವಂತೆ ಪರಿಶೀಲಿಸಿದ ಅಧಿಕಾರಿಗಳು ಶಿಫಾರಸು ಮಾಡಿದರು.